ಗ್ವಾಡಿ ಮೇಲಿನ ಬಿಸಿಲು

ಜೂನ್ ಬಂತೆಂದರೆ ಗೋವಾದ ವಾಸ್ಕೋದಲ್ಲಿರುವ ಮಂಗೋರ್ ಹಿಲ್‌ನ ಮನೆಗಳ ಮೇಲೆ ನೀಲಿ ತಾಡಪತ್ರಿ ಏರುತ್ತದೆ. ಹಗ್ಗ ಬಿಗಿದು, ಅಂಚಿಗೆ ಕಲ್ಲು ಹೇರಿ, ಹಳೇ ಟೈರು ಇಟ್ಟು ಮುಗಿಸುವಷ್ಟರಲ್ಲಿ ಓಣಿಯ ಬೆಳಕೇ ಬೇರೆಯಾಗಿರುತ್ತದೆ. ಈ ಸಲ ನಮ್ಮ ಓಣಿಯಲ್ಲಿ ಎದುರುಬದುರಿನ ಎರಡು ಮನೆಯವರು ಸೇರಿ ಒಂದೇ ದೊಡ್ಡ ತಾಡಪತ್ರಿಯನ್ನು ಅಡ್ಡಲಾಗಿ ಕಟ್ಟಿದ್ದಾರೆ. ಅದರಡಿ ಸ್ಟೀಲಿನ ಕೊಡ ನೀಲಿ, ಒಣಗಲು ಹಾಕಿದ ಲುಂಗಿ ನೀಲಿ, ರೊಟ್ಟಿ ಬಡಿಯುವ ಕೈ ನೀಲಿ. ಪರಾತದಲ್ಲಿದ್ದ ಜೋಳದ ಹಿಟ್ಟಿನ ಮೇಲೆ ಆ ಬಣ್ಣ ಕೂತದ್ದನ್ನು ಕಂಡು ಕಾಲು ಮುಂದಕ್ಕೆ ಹೋಗಲಿಲ್ಲ. ಮೊಬೈಲ್ ತೆಗೆದು ಕ್ಲಿಕ್ಕಿಸಿದೆ. ಪರದೆಯ ಮೇಲೆ ಬಂದ ಚಿತ್ರದಲ್ಲಿ ಹಿಟ್ಟು ಬೆಳ್ಳಗಿತ್ತು, ಕೈ ಕಂದಾಗಿತ್ತು. ನಾನು ಕಂಡದ್ದನ್ನು ಯಂತ್ರ ಒರೆಸಿಹಾಕಿತ್ತು.

ಇದು ವೈಟ್ ಬ್ಯಾಲೆನ್ಸಿನ ಕೆಲಸ ಎಂದು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಬಿಳಿಯದು ಬಿಳಿಯಾಗಿಯೇ ಕಾಣಬೇಕು ಎಂಬುದೊಂದೇ ಅದರ ಹಟ. ಮದುವೆ ಮಂಟಪದ ಹಳದಿ ಬಲ್ಬಿನಡಿ ಆ ಹಟ ಉಪಯೋಗಕ್ಕೆ ಬರುತ್ತದೆ, ಒಪ್ಪಿದೆ. ಆದರೆ ಬೆಳಕಿಗೊಂದು ಬಣ್ಣವಿದೆ ಎಂಬ ಕಾರಣಕ್ಕೇ ಒಂದು ಚಿತ್ರ ತೆಗೆಯುತ್ತಿರುವಾಗ ಆ ಬಣ್ಣವನ್ನೇ ತಪ್ಪೆಂದು ತಿದ್ದುವುದನ್ನು ನಾನು ಸಹಿಸಲಾರೆ. ಪ್ರೊ ಮೋಡ್‌ಗೆ ಹೋಗಿ 5,500 ಕೆಲ್ವಿನ್‌ಗೆ, ಅಂದರೆ ನಡುಹಗಲ ಬಿಸಿಲಿಗೆ, ಗಂಟು ಹಾಕಿಬಿಡುತ್ತೇನೆ. ವರ್ಷವಿಡೀ ಅದೇ. ಆಗ ಮೋಡದ ದಿನ ಮೋಡದ ದಿನವಾಗಿ ಬರುತ್ತದೆ, ನೆರಳು ತಣ್ಣಗೆ ಬರುತ್ತದೆ, ತಾಡಪತ್ರಿ ನೀಲಿಯಾಗಿ ಬರುತ್ತದೆ. ಒಂದು ದಿನದ ಚಿತ್ರವನ್ನು ಇನ್ನೊಂದು ದಿನದ ಪಕ್ಕ ಇಟ್ಟು ನೋಡುವವನಿಗೆ ಅಳತೆಗೋಲು ದಿನಾ ಬದಲಾಗಬಾರದು.

ಏಕೆಂದರೆ ನಾನು ಪಕ್ಕಪಕ್ಕ ಇಟ್ಟು ನೋಡುವುದಕ್ಕೇ ತೆಗೆಯುವವನು. ದಿನಾ ಒಂದು ಫೋಟೊ, ಹೆಚ್ಚಾಗಿ ಅದೇ ಗೋಡೆ, ಅದೇ ಮೆಟ್ಟಿಲು. ಎದುರು ಮನೆಯ ಹಿರಿಯಾಕೆ, ಗದಗ ಕಡೆಯವರು, ಬಹಳ ದಿನ ಸುಮ್ಮನೆ ನೋಡಿ ಒಮ್ಮೆ ಕೇಳಿಯೇ ಬಿಟ್ಟರು:

“ಏನ ತಗೀತಿ ತಮ್ಮಾ ದಿನಾ ಅದನ್ನ? ಗ್ವಾಡಿ ಎಲ್ಲೂ ಓಡಿ ಹೋಗೂದಿಲ್ಲ.”

“ಗ್ವಾಡಿ ಇರತೈತಿ ಯವ್ವಾ, ಬಿಸಲ ಸರದು ಹೋಗತೈತಿ.”

ಆಕೆ ನಗಲಿಲ್ಲ. “ಹಂಗಾರ ಎಳ್ಳಮಾಸಿ ಮುಂದ ನೋಡು. ಮಧ್ಯಾಹ್ನದಾಗ ನಮ್ಮ ಹೊಸ್ತಿಲಾ ದಾಟಿ ಒಳಗ ಬರತೈತಿ. ಆಮ್ಯಾಲ ದಿನಾ ಒಂದೀಟು ಹಿಂದ ಸರೀತೈತಿ” ಎಂದರು.

ಫೋಟೊದ ಬಗ್ಗೆ ಯಾರೂ ನನಗೆ ಇಷ್ಟು ಖಚಿತವಾಗಿ ಮಾತಾಡಿಲ್ಲ. ಆಕೆಯ ಮನೆ ಬಾಗಿಲು ದಕ್ಷಿಣಕ್ಕಿದೆ. ವಾಸ್ಕೋ ಇರುವುದು ಉತ್ತರಕ್ಕೆ 15.4 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರಿನ ನಡುಹಗಲ ಸೂರ್ಯ ಇಲ್ಲಿ 51 ಡಿಗ್ರಿಯಷ್ಟೇ ಏರಿ ದಕ್ಷಿಣದ ಬಾಗಿಲುಗಳಿಗೆಲ್ಲ ಇಣುಕುತ್ತಾನೆ. ಮೇ ಮೊದಲ ವಾರದಲ್ಲಿ ನೆತ್ತಿ ದಾಟಿ ಉತ್ತರಕ್ಕೆ ಹೊರಳಿದವನು ಆಗಸ್ಟ್ ಎರಡನೇ ವಾರದವರೆಗೆ ಅಲ್ಲೇ. ಆ ಮೂರು ತಿಂಗಳು ವರ್ಷವಿಡೀ ಕತ್ತಲಲ್ಲಿದ್ದ ಉತ್ತರದ ಗೋಡೆಗಳಿಗೆ ನಡುಹಗಲ ಬಿಸಿಲು ಸಲ್ಲಬೇಕು. ಆದರೆ ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಹಾಗಾಗಿ ಜುಲೈಯಲ್ಲಿ ಎಂದಾದರೂ ಮೋಡ ಹರಿದು ಉತ್ತರದ ಗೋಡೆಗೆ ಹತ್ತು ನಿಮಿಷ ಬಿಸಿಲು ಬಿತ್ತೆಂದರೆ ನಾನು ಕೈಲಿದ್ದ ಕೆಲಸ ಬಿಟ್ಟು ಹೊರಗೆ ಬರುತ್ತೇನೆ. ಪಡುವಣದಲ್ಲೂ ಅಷ್ಟೇ: ಸೂರ್ಯ ಮುಳುಗುವ ಜಾಗ ಜೂನ್‌ನಿಂದ ಡಿಸೆಂಬರಿಗೆ ದಿಗಂತದ ಮೇಲೆ ಸುಮಾರು 49 ಡಿಗ್ರಿ ನಡೆಯುತ್ತದೆ. ಸೂರ್ಯ ಪಶ್ಚಿಮದಲ್ಲಿ ಮುಳುಗುತ್ತಾನೆ ಎಂದು ಶಾಲೆಯಲ್ಲಿ ಹೇಳಿಕೊಟ್ಟದ್ದು ವರ್ಷಕ್ಕೆ ಎರಡು ದಿನದ ಮಟ್ಟಿಗೆ ಮಾತ್ರ ಸರಿ.

ಉಳಿದು ಬಂದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರವೂ ಮನೆಯ ಕಿಟಕಿಯಿಂದ ತೆಗೆದದ್ದೇ. 1826–27ರ ಸುಮಾರಿಗೆ ಫ್ರಾನ್ಸಿನ ನಿಯೆಪ್ಸ್ ತನ್ನ ಮನೆಯ ಮೇಲಂತಸ್ತಿನಿಂದ ಚಾವಣಿಗಳ ಕಡೆಗೆ ಕ್ಯಾಮೆರಾ ಇಟ್ಟ. ಬೆಳಕು ತಗಡಿನ ಮೇಲೆ ಅಚ್ಚೊತ್ತಲು ಎಷ್ಟು ಹೊತ್ತು ಬೇಕಾಯಿತೆಂದರೆ ಅಷ್ಟರಲ್ಲಿ ಸೂರ್ಯ ಈ ಬದಿಯಿಂದ ಆ ಬದಿಗೆ ದಾಟಿದ್ದ. ಚಿತ್ರದಲ್ಲಿ ಎದುರುಬದುರಿನ ಎರಡೂ ಗೋಡೆಗಳಿಗೆ ಬಿಸಿಲಿದೆ. ಇಡೀ ದಿನ ಒಂದೇ ಚಿತ್ರದಲ್ಲಿ! ನ್ಯೂಯಾರ್ಕಿನ ಜೇಮಿ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಿಂದ 1997ರ ಅಕ್ಟೋಬರ್ 25ರಂದು ಸಾಯುವವರೆಗೆ ದಿನಕ್ಕೊಂದು ಪೋಲರಾಯ್ಡ್ ತೆಗೆದ. ದಿನಚರಿ ಫೋಟೊ ಎಂದಾಗ ಎಲ್ಲರೂ ಹೇಳುವ ಹೆಸರು ಅವನದು. ನನಗೆ ಮಾತ್ರ ನಿಯೆಪ್ಸನ ಆ ಎರಡು ಗೋಡೆಗಳು ಹತ್ತಿರ.

ದಿನಾ ತೆಗೆಯುವವರಿಗೆ ನಾನು ಕೊಡುವುದು ಒಂದೇ ಉಪಾಯ: ಅಂಗೈ. ಬೆಳಿಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಳ್ಳುವ ಮನೆಗಳಲ್ಲಿ ಬೆಳೆದವರು ನಾವು, ಅದನ್ನೇ ಮುಂದುವರಿಸಿ. ಬಾಗಿಲಿಗೆ ಬಂದು ಕೈ ಮುಂದೆ ಚಾಚಿ, ಬೆರಳನ್ನು ಸ್ವಲ್ಪ ಮಡಿಸಿ, ನಿಂತಲ್ಲೇ ನಿಧಾನ ಸುತ್ತು ಹಾಕಿ. ಕೈಯನ್ನೇ ನೋಡುತ್ತಿರಬೇಕು, ಸುತ್ತಲಿನದ್ದನ್ನಲ್ಲ. ಒಂದು ದಿಕ್ಕಿನಲ್ಲಿ ಗೆರೆಗಳು ಆಳವಾಗಿ ಕಾಣುತ್ತವೆ. ಅಲ್ಲಿ ಬೆಳಕು ಬದಿಯಿಂದ ಬರುತ್ತಿದೆ. ಇನ್ನೊಂದು ದಿಕ್ಕಿನಲ್ಲಿ ಗೆರೆ ಅಳಿಸಿಹೋಗಿ ಚರ್ಮ ಸಪಾಟಾಗುತ್ತದೆ. ಮತ್ತೊಂದು ಕಡೆ ತಿರುಗಿದರೆ ಬೆರಳಿನ ಅಂಚಿಗೆ ಕೆಂಪು ಹೊಳಪು ಬರುತ್ತದೆ. ಬೆಳಕು ಹಿಂದಿನಿಂದ ಬಂದು ಚರ್ಮದೊಳಕ್ಕೆ ಹೊಕ್ಕಿದೆ. ಮೋಡ ಕವಿದಾಗ ಎಲ್ಲ ದಿಕ್ಕೂ ಒಂದೇ ಎನ್ನುತ್ತಾರೆ. ಸುಳ್ಳು. ಜುಲೈಯ ದಟ್ಟ ಮೋಡದಲ್ಲೂ ಅಂಗೈ ಸುತ್ತಿಸಿದರೆ ಆಕಾಶ ತೆರೆದಿರುವ ಕಡೆ ಯಾವುದು, ಗೋಡೆ ನುಂಗುತ್ತಿರುವ ಕಡೆ ಯಾವುದು ಎಂದು ಗೊತ್ತಾಗಿಯೇ ಆಗುತ್ತದೆ. ಕಣ್ಣು ಬೇಗ ಹೊಂದಿಕೊಂಡುಬಿಡುತ್ತದೆ. ಅದಕ್ಕೆ ಓಣಿಯೂ ಒಂದೇ, ಬಯಲೂ ಒಂದೇ. ಅಂಗೈ ಮಾತ್ರ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಒಬ್ಬರ ಮುಖದ ಫೋಟೊ ತೆಗೆಯುವ ಮೊದಲು ಅವರನ್ನು ಬಿಸಿಲಲ್ಲಿ ನಿಲ್ಲಿಸಿ ಗೋಳಾಡಿಸಬೇಡಿ. ನಿಮ್ಮ ಕೈಯನ್ನು ಅಲ್ಲಿ ನಿಲ್ಲಿಸಿ ನೋಡಿ, ಸರಿ ಕಂಡರೆ ಅವರನ್ನು ಕರೆಯಿರಿ.

ಈ ಅಂಗೈ ಪರೀಕ್ಷೆಯಿಂದಲೇ ನನಗೂ ‘ಗೋಲ್ಡನ್ ಅವರ್’ ಭಕ್ತರಿಗೂ ಜಗಳ ಹತ್ತಿದ್ದು. ಸಂಜೆಯಾದರೆ ಟ್ರೈಪಾಡ್ ಹೊತ್ತು ಸಡಾದ ಜಪಾನೀಸ್ ಗಾರ್ಡನ್ನಿಗೋ ಬೋಗ್ಮಾಳೋ ಕಿನಾರೆಗೋ ಹೋಗುತ್ತಾರೆ, ಬೆಳಿಗ್ಗೆ ಎಂಟಾದರೆ ಕ್ಯಾಮೆರಾ ಚೀಲಕ್ಕೆ ಸೇರಿಸುತ್ತಾರೆ. ನಡುಹಗಲ ಬೆಳಕು ಕೆಟ್ಟದ್ದು ಎಂದು ಹೊಸಬರಿಗೆ ಪಾಠವನ್ನೂ ಮಾಡುತ್ತಾರೆ. ಬಯಲಲ್ಲಿ ಅದು ನಿಜವಿರಬಹುದು. ಮಂಗೋರ್ ಹಿಲ್‌ನ ಓಣಿಗಳು ಬಯಲಲ್ಲ. ಇಬ್ಬರು ಎದುರಾದರೆ ಒಬ್ಬರು ಭುಜ ಓರೆ ಮಾಡಬೇಕು, ಅಷ್ಟು ಕಿರಿದು. ಇಲ್ಲಿ ಬಿಸಿಲು ಇಳಿಯುವುದೇ ನಡುಹಗಲಿನಲ್ಲಿ. ಇಳಿದದ್ದು ಹಳದಿ ಸುಣ್ಣದ ಗೋಡೆಗೆ ಬಡಿದು ಎದುರಿನ ಹಸಿರು ಗೋಡೆಗೆ ಹಾರುತ್ತದೆ, ಅಲ್ಲಿಂದ ಕೆಂಪು ಚಿರೇಕಲ್ಲಿನ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಬಾಗಿಲಲ್ಲಿ ಕೂತು ಅಕ್ಕಿ ಆರಿಸುವಾಕೆಯ ಗಲ್ಲದ ಕೆಳಗೆ. ಇಂಥ ಬೆಳಕಿಗೆ ಸ್ಟುಡಿಯೋದವರು ರಿಫ್ಲೆಕ್ಟರ್ ಕೊಳ್ಳುತ್ತಾರೆ. ಅಂದಹಾಗೆ ಇಲ್ಲಿ ನಡುಹಗಲೆಂದರೆ ಹನ್ನೆರಡಲ್ಲ. ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 73.8ರ ಹತ್ತಿರ. ಸೂರ್ಯ ನೆತ್ತಿಗೆ ಬರುವುದು ಸರಾಸರಿ 12.35ಕ್ಕೆ, ನವೆಂಬರ್ ಮೊದಲಲ್ಲಿ 12.18ಕ್ಕೇ ಬಂದರೆ ಫೆಬ್ರುವರಿಯಲ್ಲಿ 12.49ರವರೆಗೆ ಕಾಯಿಸುತ್ತಾನೆ. ಓಣಿ ಬೆಳಗುವ ಹೊತ್ತನ್ನು ತಪ್ಪಿಸಿಕೊಳ್ಳಬಾರದೆಂದರೆ ಇದು ಗೊತ್ತಿರಬೇಕು.

ಅವರ ಸೂರ್ಯಾಸ್ತಗಳ ಬಗ್ಗೆಯೂ ಒಂದು ಮಾತು. ಹವೆ ಹೊಲಸಾದಷ್ಟೂ ಸಂಜೆ ಕೆಂಪಾಗುತ್ತದೆ ಎಂಬ ನಂಬಿಕೆ ಛಾಯಾಗ್ರಾಹಕರಲ್ಲಿ ಬಲವಾಗಿದೆ. ಆಗುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧ. ನೀಲಿಯನ್ನು ಚೆದುರಿಸಿ ಕೆಂಪನ್ನು ಉಳಿಸುವುದು ಗಾಳಿಯ ಅಣುಗಳೇ. ದಪ್ಪ ಧೂಳು ಎಲ್ಲ ಬಣ್ಣಗಳನ್ನೂ ಸಮನಾಗಿ ಮಬ್ಬು ಮಾಡುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಮಹಡಿಯ ಮೇಲೆ ನಿಂತು ಬೈನಾ ಕಡೆ ನೋಡಿ: ಸೂರ್ಯ ಮುಳುಗುವ ಮೊದಲೇ ಬೂದು ಪಟ್ಟಿಯೊಳಗೆ ಕರಗಿಹೋಗಿರುತ್ತಾನೆ. ಮಳೆ ಗಾಳಿಯನ್ನು ತೊಳೆದ ಮೇಲೆ, ಸೆಪ್ಟೆಂಬರ್ ಕೊನೆಗೆ, ಬಣ್ಣ ಬರುತ್ತದೆ. ಕಲ್ಲಿದ್ದಲ ಧೂಳಿನ ಬಗ್ಗೆ ವರ್ಷಗಳಿಂದ ದನಿ ಎತ್ತುತ್ತಿರುವ ಊರಿನಲ್ಲಿ ನಿಂತು ‘ಮಾಲಿನ್ಯದಿಂದ ಸಂಜೆ ಚಂದ’ ಎಂದು ಶೀರ್ಷಿಕೆ ಕೊಡುವುದು ವಿಜ್ಞಾನಕ್ಕೂ ತಪ್ಪು, ನೆರೆಹೊರೆಗೂ ತಪ್ಪು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 2020ರ ಜೂನ್ ಮೊದಲಲ್ಲಿ ಮಂಗೋರ್ ಹಿಲ್ ಗೋವಾದ ಮೊದಲ ಕೋವಿಡ್ ಕಂಟೇನ್‌ಮೆಂಟ್ ಝೋನ್ ಆಯಿತು. ಆವರೆಗೆ ಈ ಗುಡ್ಡದ ಹೆಸರನ್ನೇ ಕೇಳದವರಿಗೆ ಇದರ ಗುರುತು ತಡೆಬೇಲಿಯ ಚಿತ್ರವಾಗಿ ಸಿಕ್ಕಿತು. ಅಂದಿನಿಂದ ಕ್ಯಾಮೆರಾ ಹಿಡಿದು ಮೇಲೆ ಬರುವ ಹಲವರು ಅದೇ ಚಿತ್ರವನ್ನು ಹುಡುಕಿಕೊಂಡೇ ಬರುತ್ತಾರೆ. ಬಣ್ಣ ತೆಗೆದುಹಾಕಿ, ಕಾಂಟ್ರಾಸ್ಟ್ ಏರಿಸಿ, ಕ್ಲ್ಯಾರಿಟಿಯನ್ನು ಬಲಕ್ಕೆ ಎಳೆದು ನಮ್ಮ ಕೊಪ್ಪಳ–ಬಾಗಲಕೋಟೆ ಕಡೆಯ ಹೆಂಗಸರ ಮುಖಕ್ಕೆ ಇಲ್ಲದ ಕೊಳೆ ಹಚ್ಚುತ್ತಾರೆ. ಬೆಳಿಗ್ಗೆ ಮಿಂದು, ವಿಭೂತಿ ಇಟ್ಟು, ಮಲ್ಲಿಗೆ ಮುಡಿದು ಕೆಲಸಕ್ಕೆ ಹೊರಟಾಕೆ ಅವರ ಚಿತ್ರದಲ್ಲಿ ಮಸಿ ಬಳಿದುಕೊಂಡು ನಿಂತಿರುತ್ತಾಳೆ. ಇದಕ್ಕೆ ವಾಸ್ತವ ಎಂಬ ಹೆಸರು ಬೇರೆ. ಜುವಾರಿ ಅಳಿವೆಯ ಆಚೆ ಡೋನಾ ಪಾವ್ಲಾದ ಬಂಗಲೆಗಳ ಮೇಲೆ ಬೀಳುವ ಬಿಸಿಲೇ ಈಚೆ ನಮ್ಮ ತಗಡುಗಳ ಮೇಲೂ ಬೀಳುತ್ತದೆ. ಅಲ್ಲಿ ಹೊನ್ನು, ಇಲ್ಲಿ ಹೊಗೆ ಎಂದು ತೋರಿಸುವುದು ಸ್ಲೈಡರಿನ ಕೆಲಸ, ಬೆಳಕಿನದಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳು 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಬಡವರ ಮಕ್ಕಳನ್ನು ಅವರು ಮಕ್ಕಳನ್ನಾಗಿಯೇ ಕಂಡರು. ಕನ್ನಡದಲ್ಲಿ ಅಂಥವರು ಆಗಿಹೋದ ಮೇಲೂ ಇವರು ಕಲಿಯುವುದು ಬೇರೆಡೆಯಿಂದ.

ಮನಸ್ಸು ಕಹಿಯಾದಾಗ ನಾನು ಚಿಕಾಲಿಂ ಕಡೆಯ ಹಳೇ ಮನೆಗಳ ಕಿಟಕಿಗಳನ್ನು ನೆನೆಯುತ್ತೇನೆ. ಗಾಜು ದುಬಾರಿಯಾಗಿದ್ದ ಪೋರ್ಚುಗೀಸ್ ಕಾಲದಲ್ಲಿ ಗೋವಾದವರು ಕಿಟಕಿಗೆ ಚಿಪ್ಪು ಕೂರಿಸುತ್ತಿದ್ದರು. ಜುವಾರಿ ಅಳಿವೆಯ ಕೆಸರಲ್ಲಿ, ಅದರಲ್ಲೂ ಚಿಕಾಲಿಂ ಕೊಲ್ಲಿಯಲ್ಲಿ, ಸಿಗುವ ಚಪ್ಪಟೆ ಚಿಪ್ಪು. ಅಂಗೈಯಗಲ, ಕಾಗದದಷ್ಟು ತೆಳು. ಅಂಚು ಕತ್ತರಿಸಿ ಚೌಕ ಮಾಡಿ ಮರದ ಪಟ್ಟಿಗಳ ನಡುವೆ ಸಾಲಾಗಿ ಜಾರಿಸುವುದು. ಅದರ ಮೂಲಕ ಹೊರಗಿನದೇನೂ ಕಾಣುವುದಿಲ್ಲ, ಆದರೆ ಬೆಳಕು ಬರುತ್ತದೆ. ನಡುಹಗಲ ಉರಿಬಿಸಿಲು ಚಿಪ್ಪಿನ ಪದರಗಳಲ್ಲಿ ಚೆದುರಿ, ಹಾಲು ಬಣ್ಣಕ್ಕೆ ತಿರುಗಿ, ಕೋಣೆಯ ಮೂಲೆಮೂಲೆಗೂ ಹಬ್ಬುತ್ತದೆ. ಅಂಥ ಕಿಟಕಿಯ ಪಕ್ಕ ಕುಳಿತವರ ಮುಖದ ಮೇಲೆ ಗಡುಸು ನೆರಳು ಬೀಳುವುದೇ ಇಲ್ಲ. ಆ ಚಿಪ್ಪುಜೀವಿ ಈಗ ವನ್ಯಜೀವಿ ಕಾಯ್ದೆಯಡಿ ರಕ್ಷಿತ. ಹೊಸದನ್ನು ತೆಗೆಯುವಂತಿಲ್ಲ, ತೆಗೆಯಲೂಬಾರದು. ಇರುವ ಹಳೇ ಕಿಟಕಿಗಳನ್ನು ಕಿತ್ತು ಅಲ್ಯುಮಿನಿಯಂ ಸ್ಲೈಡಿಂಗ್ ಹಾಕಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಗುಡ್ಡದ ಮೇಲೆ ಚಿಪ್ಪಿನ ಕಿಟಕಿ ಇಲ್ಲ, ತಗಡಿನಲ್ಲಿ ಮೊಳೆಯ ತೂತುಗಳಿವೆ. ತೂತು ಚೌಕವಿರಲಿ, ಹರಿದು ಸೊಟ್ಟಗಿರಲಿ, ನೆಲಕ್ಕೆ ಬೀಳುವ ಬೆಳಕಿನ ಬಿಲ್ಲೆ ಗುಂಡಗೇ ಇರುತ್ತದೆ. ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ತೂತಿನಿಂದ ನೆಲಕ್ಕಿರುವ ದೂರವನ್ನು 108ರಿಂದ ಭಾಗಿಸಿದರೆ ಬಿಲ್ಲೆಯ ಅಗಲ ಸಿಗುತ್ತದೆ: ಮೂರು ಮೀಟರ್ ಎತ್ತರದ ತಗಡಿಗೆ 2.8 ಸೆಂಟಿಮೀಟರ್, ಹತ್ತು ರೂಪಾಯಿ ನಾಣ್ಯದಷ್ಟು. ಕೋಣೆಯೇ ಕ್ಯಾಮೆರಾ. ಬಿಲ್ಲೆಯ ಕೆಳಗೆ ಬಿಳಿ ಹಾಳೆ ಇಟ್ಟು ನೋಡಿದರೆ ಸೂರ್ಯನ ಮುಂದೆ ಹಾಯುವ ಮೋಡ ತಲೆಕೆಳಗಾಗಿ, ಹಿಮ್ಮುಖವಾಗಿ ದಾಟುವುದು ಕಾಣುತ್ತದೆ. 2019ರ ಡಿಸೆಂಬರ್ 26ರ ಗ್ರಹಣದಂದು ಕಾಸರಗೋಡಿನ ಚೆರುವತ್ತೂರಿನವರು ಉಂಗುರ ಕಂಡರು. ನಮಗೆ ದಕ್ಕಿದ್ದು ಖಂಡಗ್ರಾಸ. ಅಂದು ಬೆಳಿಗ್ಗೆ ಗೋಡೆಯ ಮೇಲಿನ ಬಿಲ್ಲೆಗಳೆಲ್ಲ ಕುಡಗೋಲುಗಳಾಗಿದ್ದವು. ನನ್ನ ಬಳಿ ಇರುವ ಚಿತ್ರಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಅದು.

ಎದುರು ಮನೆಯ ಹಿರಿಯಾಕೆಗೆ ಅದನ್ನು ತೋರಿಸಿದಾಗ ಆಕೆ ಊರ ಮನೆಯ ಬೆಳಕಿಂಡಿಯ ಮಾತು ತೆಗೆದರು. ಮಣ್ಣಿನ ಮಾಳಗಿ ಮನೆ, ಕಿಟಕಿ ಕಡಿಮೆ, ಚಾವಣಿಯಲ್ಲಿ ಒಂದೇ ಕಿಂಡಿ. ಮಳೆ ಹನಿದರೆ ಯಾರಾದರೂ ಮಾಳಗಿ ಹತ್ತಿ ಮುಚ್ಚಬೇಕು. ಬಿಸಿಲ ಕೋಲು ಗ್ವಾದ್ಲಿ ಹತ್ತಿರ ಬಂದರೆ ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತು, ಒಳಕಲ್ಲು ದಾಟಿದರೆ ದನ ಬರುವ ಹೊತ್ತು. ಗಡಿಯಾರವಿಲ್ಲದೆ ಸಂಸಾರ ನಡೆದದ್ದು ಆ ಬೆಳಕಿನಲ್ಲಿ. ಈಗ ಆ ಮನೆ ಇಲ್ಲ, ಸ್ಲ್ಯಾಬ್ ಹಾಕಿಸಿದ್ದಾರೆ. ಸೋರುವುದಿಲ್ಲ, ಒಳ್ಳೆಯದೇ ಆಯಿತು ಎಂದರು ಆಕೆ. ಹಳೇ ಮನೆಯ ಒಂದು ಫೋಟೊ ಇದೆಯಾ ಎಂದು ಕೇಳಿದೆ. ಮದುವೆಯದ್ದೊಂದಿತ್ತಂತೆ, ಫ್ಲ್ಯಾಶ್ ಹಾಕಿ ತೆಗೆದದ್ದು.

ಗದಗ, ಕೊಪ್ಪಳ, ವಿಜಯಪುರದ ಹಳ್ಳಿಗಳಲ್ಲಿ ಮಾಳಗಿ ಮನೆ ಕೆಡವಿ ಹೊಸದು ಕಟ್ಟಲು ಹೊರಟವರು ಇದನ್ನು ಓದುತ್ತಿದ್ದರೆ ಒಂದು ಬಿನ್ನಹ. ಕಟ್ಟಿ, ಬೇಡವೆನ್ನುವುದಿಲ್ಲ. ಕೆಡವುವ ಮೊದಲು ಒಂದು ದಿನ ನಡುಮನೆಯಲ್ಲಿ ಮೊಬೈಲನ್ನು ಅಲುಗದಂತೆ ಇಟ್ಟು, ಬೆಳಗಿನಿಂದ ಸಂಜೆವರೆಗೆ ಗಂಟೆಗೊಂದು ಫೋಟೊ ತೆಗೆಯಿರಿ. ಫ್ಲ್ಯಾಶ್ ಬೇಡ, ಎಚ್‌ಡಿಆರ್ ಬೇಡ, ಎಕ್ಸ್‌ಪೋಷರನ್ನು ಬಿಸಿಲ ಕೋಲಿಗೆ ಹೊಂದಿಸಿ, ಉಳಿದದ್ದು ಕತ್ತಲಾಗಿಯೇ ಇರಲಿ.