ಪೆಟ್ರೋಲಾ, ಬ್ಯಾಟರಿನಾ? ಮನೆ ಮುಂದಿನ ಹಿಮದ ಲೆಕ್ಕಾಚಾರ

"ಗ್ಯಾಸ್ ಸ್ನೋ ಬ್ಲೋವರ್ ತಗೊಂಡುಬಿಡೋಣ" ಅಂತ ನಮ್ಮನೆಯವರು ಹೇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ: "ಅದಕ್ಕೆ ಸಿಲಿಂಡರ್ ಎಲ್ಲಿ ಕಟ್ತಾರೆ?"

ಅಮೆರಿಕದಲ್ಲಿ ಗ್ಯಾಸ್ ಅಂದ್ರೆ ಪೆಟ್ರೋಲ್ ಅಂತ ವಿವರಿಸಿದೆವು. ಅಮ್ಮ ಬಾಣಂತಿ ಕೋಣೆಯಿಂದಲೇ ಜೋರಾಗಿ ನಕ್ಕರು. ಅಪ್ಪನೂ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

ನಾವಿರೋದು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನ ಹೊರವಲಯದಲ್ಲಿ. ನ್ಯೂಯಾರ್ಕ್ ಅಂದ ಕೂಡಲೇ ಊರಿನವರ ಕಣ್ಣಿಗೆ ಬರೋದು ದೊಡ್ಡ ದೊಡ್ಡ ಕಟ್ಟಡಗಳು. ಆದರೆ ನಮ್ಮ ಊರು ಆ ನಗರದಿಂದ ಕಾರಿನಲ್ಲಿ ನಾಲ್ಕು ಗಂಟೆಗೂ ಹೆಚ್ಚು ದೂರ. ನಮಗೆ ಹತ್ತಿರ ಇರೋದು ಒಂಟಾರಿಯೋ ಸರೋವರ. ಚಳಿಗಾಲದಲ್ಲಿ ಕೆನಡಾ ಕಡೆಯಿಂದ ಬೀಸುವ ಒಣ ಗಾಳಿ ಇನ್ನೂ ಹೆಪ್ಪುಗಟ್ಟದ ಆ ನೀರಿನ ಮೇಲೆ ಹಾದು ಬರುತ್ತೆ, ತೇವ ಹೀರಿಕೊಳ್ಳುತ್ತೆ, ದಡ ದಾಟಿದ ಮೇಲೆ ಅಷ್ಟನ್ನೂ ಹಿಮವಾಗಿ ನಮ್ಮ ತಲೆ ಮೇಲೆ ಸುರಿಯುತ್ತೆ. ಒಂದು ಸೀಸನ್‌ಗೆ ಸರಾಸರಿ 100 ಇಂಚಿಗೂ ಹೆಚ್ಚು. ಅಪ್ಪನಿಗೆ ಇದು ಬೇಗ ಅರ್ಥವಾಯ್ತು. ಅವರು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು. "ಅಂದ್ರೆ ಇದು ಇಲ್ಲಿನ ಆಗುಂಬೆ ಅನ್ನು" ಅಂದ್ರು.

ನನ್ನ ಎರಡನೇ ಹೆರಿಗೆಗೆ ಅಂತ ಅಪ್ಪ ಅಮ್ಮ ನವೆಂಬರ್‌ನಲ್ಲಿ ಬಂದಿದ್ದರು. ಸಿಸೇರಿಯನ್ ಆಗಿತ್ತು. ನಮ್ಮನೆಯವರ ಕೆಲಸ ಸೋಮವಾರದಿಂದ ಗುರುವಾರದವರೆಗೆ ಬೇರೆ ಊರಿನಲ್ಲಿ. ಅಮ್ಮನಿಗೆ ಮಗು, ಬಾಣಂತಿ, ಅಡುಗೆ ಅಂತ ಕೈ ತುಂಬ ಕೆಲಸ. ಅಪ್ಪನಿಗೆ ಏನೂ ಇಲ್ಲ. ಅರವತ್ತೇಳು ವರ್ಷದ ಮನುಷ್ಯ, ಬೆಳಗಾದರೆ ತೋಟಕ್ಕೆ ಒಂದು ಸುತ್ತು ಹಾಕದೆ ಕಾಫಿ ಕುಡಿದವರಲ್ಲ. ಡಿಸೆಂಬರ್‌ನ ಒಂದು ಬೆಳಗ್ಗೆ ಯಾರಿಗೂ ಹೇಳದೆ ಅಳಿಯನ ಜಾಕೆಟ್ ಹಾಕಿಕೊಂಡು, ಗ್ಯಾರೇಜಿನಲ್ಲಿದ್ದ ಸಲಿಕೆ ಹಿಡಿದು ಡ್ರೈವ್‌ವೇ ಹಿಮ ಎತ್ತೋಕೆ ಶುರು ಮಾಡಿದ್ದರು.

ಅಮ್ಮ ಕಿಟಕಿಯಿಂದ ನೋಡಿದಾಗ ಅಪ್ಪ ಹಿಮದ ಗುಡ್ಡೆ ಮೇಲೆ ಕೂತಿದ್ದರು. ಸಲಿಕೆ ಪಕ್ಕದಲ್ಲಿ ಬಿದ್ದಿತ್ತು. ಮೈನಸ್ ಎಂಟು ಡಿಗ್ರಿ ಚಳಿಯಲ್ಲಿ ಅವರ ಹಣೆ ಮೇಲೆ ಬೆವರು. "ಏನಿಲ್ಲ, ಗ್ಯಾಸ್ಟ್ರಿಕ್ ಇರ್ಬೇಕು" ಅಂದ್ರು. ನಾನು 911ಕ್ಕೆ ಫೋನ್ ಮಾಡಿದೆ.

ಹೃದಯಾಘಾತ ಆಗಿರಲಿಲ್ಲ. ಆದರೆ ಹೃದಯದ ರಕ್ತನಾಳ ಕಿರಿದಾಗಿದೆ, ಇದು ಎಚ್ಚರಿಕೆ ಅಂದರು ಡಾಕ್ಟರ್. ಚಳಿಗೆ ರಕ್ತನಾಳಗಳು ಬಿಗಿಯಾಗುತ್ತವೆ, ಬಿಪಿ ಏರುತ್ತೆ. ಅದರ ಮೇಲೆ ಕೈಗಳಿಂದ ಭಾರ ಎತ್ತಿ ಎಸೆಯುವ ಕೆಲಸ. ಪ್ರತಿ ಚಳಿಗಾಲದಲ್ಲೂ ಹಿಮ ಎತ್ತಲು ಹೋಗಿ ಎದೆ ಹಿಡಿದುಕೊಂಡು ಬರುವವರನ್ನು ನೋಡ್ತೀವಿ ಅಂದರು. ಮಾತ್ರೆ ಬರೆದುಕೊಟ್ಟು, ಕೊನೆಗೆ ನನ್ನ ಕಡೆ ತಿರುಗಿ, ಇವರು ಇನ್ನು ಸಲಿಕೆ ಮುಟ್ಟಬಾರದು ಅಂದರು.

ಅವತ್ತು ರಾತ್ರಿ ಮಗುವಿಗೆ ಹಾಲು ಕುಡಿಸುತ್ತಾ ಲೆಕ್ಕ ಹಾಕಿದೆ. ನಮ್ಮ ಡ್ರೈವ್‌ವೇ ಸುಮಾರು 50 ಅಡಿ ಉದ್ದ, 18 ಅಡಿ ಅಗಲ. ಸಾಧಾರಣವಾಗಿ ಹತ್ತು ಇಂಚು ಹಿಮ ಕರಗಿದರೆ ಒಂದು ಇಂಚು ನೀರು. ಅಂದರೆ ಬರೀ ಆರು ಇಂಚು ಹಿಮ ಬಿದ್ದರೂ ನಮ್ಮ ಮನೆ ಮುಂದೆ 1,200 ಲೀಟರ್‌ಗೂ ಹೆಚ್ಚು ನೀರಿನ ತೂಕ. ಹದಿನೈದು ಲೀಟರ್ ಕೊಡದ ಲೆಕ್ಕದಲ್ಲಿ ಎಂಬತ್ತಕ್ಕೂ ಹೆಚ್ಚು ಕೊಡ. ಅದನ್ನು ಅಪ್ಪ ಒಬ್ಬರೇ ಎತ್ತಿ ಹಾಕೋಕೆ ಹೊರಟಿದ್ದರು.

ಆ ಶನಿವಾರವೇ ಅಂಗಡಿಗೆ ಹೋದೆವು.

ಇವರು ನೇರ ಹೋಗಿ ನಿಂತಿದ್ದು 28 ಇಂಚು ಅಗಲದ, ಟ್ರ್ಯಾಕ್ಟರ್ ತಮ್ಮನ ಹಾಗಿದ್ದ ಪೆಟ್ರೋಲ್ ಮೆಷಿನ್ ಮುಂದೆ. ಅವರ ವಾದ ಸುಳ್ಳಲ್ಲ. ಜೋರು ಹಿಮಕ್ಕೆ ಜೋರು ಎಂಜಿನ್ ಬೇಕು. ಟ್ಯಾಂಕ್ ಖಾಲಿಯಾದರೆ ಎರಡು ನಿಮಿಷದಲ್ಲಿ ತುಂಬಿಸಿ ಮತ್ತೆ ಓಡಿಸಬಹುದು. ಬಿರುಗಾಳಿಗೆ ಎರಡು ದಿನ ಕರೆಂಟ್ ಹೋದರೂ ಅದಕ್ಕೇನೂ ಆಗಲ್ಲ. ಬೆಂಗಳೂರಿನಲ್ಲಿ ನನ್ನ ತಮ್ಮ ಎಲೆಕ್ಟ್ರಿಕ್ ಸ್ಕೂಟರ್ ತಗೊಳ್ಳುವಾಗ ಆರು ತಿಂಗಳು ಮಾಡಿದ್ದ ವಾದವೂ ಇದೇ: ದಾರಿ ಮಧ್ಯ ಚಾರ್ಜ್ ಮುಗಿದರೆ?

ಬ್ಯಾಟರಿ ಮೆಷಿನ್‌ಗೆ ಆ ಭಯ ಇದ್ದೇ ಇದೆ. ಅಂಗಡಿಯಾತ ಏನನ್ನೂ ಮುಚ್ಚಿಡಲಿಲ್ಲ. ಚಳಿಗೆ ಲಿಥಿಯಂ ಬ್ಯಾಟರಿಯ ಶಕ್ತಿ ಕುಗ್ಗುತ್ತೆ. ಹಾಗಾಗಿ ಬ್ಯಾಟರಿಯನ್ನು ಮೆಷಿನ್‌ನಲ್ಲೇ ಬಿಡದೆ ಮನೆ ಒಳಗೆ ಬೆಚ್ಚಗೆ ಇಡಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಬ್ಯಾಟರಿ ಹಾಳು. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಿಕ್ಕರೆ ಪುಣ್ಯ, ಒದ್ದೆ ಹಿಮವಾದರೆ ಅದಕ್ಕೂ ಕಡಿಮೆ. ನಾವು ನೋಡಿದ ಮೆಷಿನ್‌ಗಳಲ್ಲಿ ಬೆಲೆಯೂ ಕೆಲವು ನೂರು ಡಾಲರ್ ಜಾಸ್ತಿಯೇ ಇತ್ತು.

ಆತ ಹೇಳಿದ ಇನ್ನೊಂದು ವಿಷಯ ನಮಗೆ ಗೊತ್ತೇ ಇರಲಿಲ್ಲ. ಪೆಟ್ರೋಲ್ ಅಥವಾ ಬ್ಯಾಟರಿ ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು ಒಂದು ಹಂತದ್ದಾ, ಎರಡು ಹಂತದ್ದಾ ಅಂತ. ಒಂದು ಹಂತದ ಮೆಷಿನ್‌ನಲ್ಲಿ ಮುಂದೆ ತಿರುಗುವ ರೆಕ್ಕೆಯೇ ಹಿಮವನ್ನು ಬಾಚಿ ಅದೇ ಹೊರಗೂ ಎಸೆಯುತ್ತೆ. ಎಂಟು ಇಂಚಿನೊಳಗಿನ ಹಗುರ ಹಿಮಕ್ಕೆ ಸಾಕು. ಎರಡು ಹಂತದ್ದರಲ್ಲಿ ಮುಂದಿನ ಸುರುಳಿ ಹಿಮವನ್ನು ಕತ್ತರಿಸಿ ಒಳಗೆ ಎಳೆಯುತ್ತೆ, ಹಿಂದಿನ ಫ್ಯಾನ್ ಅದನ್ನು ಕೊಳವೆಯಿಂದ ದೂರ ತೂರುತ್ತೆ. ನಮ್ಮಂಥ ಊರಿಗೆ ಎರಡು ಹಂತದ್ದೇ ಬೇಕು. ಕಾರಣ ಡ್ರೈವ್‌ವೇ ಬಾಯಿ. ನಾವು ಎಷ್ಟೇ ಚೊಕ್ಕ ಮಾಡಿದರೂ ರಸ್ತೆ ಹಿಮ ತಳ್ಳುವ ಲಾರಿ ಬಂದು ಅಲ್ಲಿ ಒಂದು ಗಟ್ಟಿ ಒಡ್ಡು ಕಟ್ಟಿ ಹೋಗುತ್ತೆ. ಅದು ಹತ್ತಿಯಂಥ ಹಿಮ ಅಲ್ಲ, ಉಪ್ಪು, ಐಸ್ ಗಡ್ಡೆ ಎಲ್ಲ ಸೇರಿದ ಹಸಿ ಸಿಮೆಂಟು.

ಅಂಗಡಿಯಲ್ಲಿ ಏನೂ ತೀರ್ಮಾನವಾಗಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ಅಪ್ಪ ಬಾಯಿ ಬಿಟ್ಟರು.

"ಪೆಟ್ರೋಲ್ ಮೆಷಿನ್ ಕಥೆ ನನ್ನ ಕೇಳಿ. ತೋಟದ ಕಳೆ ಹೊಡೆಯೋ ಮೆಷಿನ್ ವರ್ಷಕ್ಕೆ ಎರಡು ಸಲ ತೀರ್ಥಹಳ್ಳಿಗೆ ಹೋಗುತ್ತೆ. ಪೆಟ್ರೋಲ್ ಒಳಗೇ ಬಿಟ್ಟು ನಾಲ್ಕು ತಿಂಗಳು ಇಟ್ಟರೆ ಕಾರ್ಬುರೇಟರ್ ಅಂಟು ಹಿಡಿಯುತ್ತೆ. ಬೇಕಾದ ದಿನವೇ ಸ್ಟಾರ್ಟ್ ಆಗಲ್ಲ. ನಾನಾದ್ರೆ ಬಿಚ್ಚಿ ಊದ್ತೀನಿ. ಇಲ್ಲಿ ಯಾರು ಊದ್ತೀರಿ?"

ಇವರು ಸುಮ್ಮನಾದರು. ಪೆಟ್ರೋಲ್ ಕೆಡದಂತೆ ಹಾಕುವ ದ್ರಾವಣ ಇದೆ, ಸೀಸನ್ ಮುಗಿದಾಗ ಟ್ಯಾಂಕ್ ಖಾಲಿ ಮಾಡಿ ಇಡಬಹುದು, ಆಯಿಲ್, ಸ್ಪಾರ್ಕ್ ಪ್ಲಗ್ ನೋಡಿಕೊಳ್ಳಬಹುದು. ಎಲ್ಲ ನಿಜ. ಆದರೆ ಇವರು ನಾಲ್ಕು ವರ್ಷದಲ್ಲಿ ಕಾರಿನ ಬಾನೆಟ್ ತೆಗೆದಿದ್ದನ್ನು ನಾನು ನೋಡಿಲ್ಲ.

"ಯಾವುದು ಜೋರು ಅಂತ ನೋಡಬೇಡಿ" ಅಂದ್ರು ಅಪ್ಪ. "ಬೆಳಗ್ಗೆ ಐದೂವರೆಗೆ ಅದರ ಹಿಂದೆ ನಿಲ್ಲೋರು ಯಾರು ಅಂತ ನೋಡಿ."

ವಾರದಲ್ಲಿ ನಾಲ್ಕು ದಿನ ನಾನೇ. ಅದೂ ಹೊಲಿಗೆ ಮಾಗಿದ ಮೇಲೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಕೆಲಸ ನನಗೆ ಆಗದು. ವೈರ್ ಚುಚ್ಚಿ ಬಟನ್ ಒತ್ತಿ ಸ್ಟಾರ್ಟ್ ಮಾಡುವ ಪೆಟ್ರೋಲ್ ಮೆಷಿನ್‌ಗಳೂ ಇವೆ, ಹಾಗಾಗಿ ಅದೊಂದೇ ಕಾರಣ ಅಲ್ಲ. ನಮ್ಮ ಗ್ಯಾರೇಜ್ ಮನೆಗೆ ಅಂಟಿಕೊಂಡಿದೆ, ಮಗುವಿನ ಕೋಣೆ ಸರಿಯಾಗಿ ಅದರ ಮೇಲೆ. ಎಂಜಿನ್ ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗ್ಯಾರೇಜ್ ಬಾಗಿಲು ತೆರೆದಿದ್ದರೂ ಒಳಗೆ ಎಂಜಿನ್ ಓಡಿಸಬಾರದು. ಮೈನಸ್ ಹದಿನೈದರ ಚಳಿಯಲ್ಲಿ, ನಿದ್ದೆಗೆಟ್ಟ ಕಣ್ಣಲ್ಲಿ, ಒಂದೇ ಒಂದು ದಿನ ನಾನು "ಎರಡು ನಿಮಿಷ ಒಳಗೇ ಸ್ಟಾರ್ಟ್ ಮಾಡ್ತೀನಿ" ಅಂದುಬಿಟ್ಟರೆ? ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಇರಲಿಲ್ಲ.

ಬ್ಯಾಟರಿಯದೇ ತಗೊಂಡೆವು. 24 ಇಂಚು ಅಗಲ, ಎರಡು ಹಂತ.

ನಿಜವಾದ ಪರೀಕ್ಷೆ ಬಂದಿದ್ದು ಜನವರಿ ಕೊನೆಯಲ್ಲಿ. ಡಾಕ್ಟರ್ ನನಗೆ ಓಡಾಡಲು ಒಪ್ಪಿಗೆ ಕೊಟ್ಟಿದ್ದರು. ಮಂಗಳವಾರ ರಾತ್ರಿ ಶುರುವಾದ ಹಿಮ ಬೆಳಗ್ಗೆ ನೋಡಿದರೆ ಹದಿನಾಲ್ಕು ಇಂಚು. ಇವರು ಊರಲ್ಲಿಲ್ಲ. ಒಂಬತ್ತೂವರೆಗೆ ಮಗುವಿನ ಲಸಿಕೆ. ಬಟನ್ ಒತ್ತಿದೆ, ಮೆಷಿನ್ ಓಡಿತು. ಗ್ಯಾರೇಜ್ ಬಾಗಿಲಿಂದ ಶುರು ಮಾಡಿ ಸಾಲು ಸಾಲಾಗಿ ಕತ್ತರಿಸುತ್ತಾ ಹೋದೆ. ಹಿಮ ಕಾರಂಜಿ ಹಾಗೆ ಪಕ್ಕಕ್ಕೆ ಹಾರುತ್ತಿತ್ತು. ಕಿಟಕಿಯಲ್ಲಿ ದೊಡ್ಡ ಮಗಳು ಚಪ್ಪಾಳೆ ತಟ್ಟುತ್ತಿದ್ದಳು.

ರಸ್ತೆಗೆ ಹತ್ತು ಅಡಿ ಇರುವಾಗ ಬ್ಯಾಟರಿ ಖಾಲಿ. ಮುಂದೆ ಲಾರಿ ಕಟ್ಟಿಹೋದ ಒಡ್ಡು ನನ್ನ ಸೊಂಟದ ಎತ್ತರ.

ಬ್ಯಾಟರಿ ಒಳಗೆ ತಂದು ಚಾರ್ಜಿಗೆ ಹಾಕಿದೆ. ತಿರುಗಿ ನೋಡಿದರೆ ಅಪ್ಪ ಬೂಟು ಹಾಕಿಕೊಳ್ಳುತ್ತಿದ್ದರು. "ಅಷ್ಟೇ ತಾನೇ, ನಾನು ಹತ್ತು ಸಲಿಕೆ..." ಅಂತ ಅನ್ನುವಷ್ಟರಲ್ಲಿ ನಾನು ಕಿರುಚಿದೆ. ಜೀವನದಲ್ಲಿ ಅಪ್ಪನ ಮೇಲೆ ದನಿ ಏರಿಸಿದ್ದು ಅದೇ ಮೊದಲು. "ಕೂತ್ಕೊಳ್ಳಿ ಅಪ್ಪ! ಲಸಿಕೆ ನಾಳೆ ಹಾಕಿಸ್ಬಹುದು!" ಮಗು ಎದ್ದು ಅತ್ತಿತು. ಅಪ್ಪ ಬೂಟು ಬಿಚ್ಚಿ, ಮುಖ ಸಣ್ಣ ಮಾಡಿಕೊಂಡು ಸೋಫಾ ಮೇಲೆ ಕೂತರು.

ಇದನ್ನೆಲ್ಲ ಕಂಡರೋ ಇಲ್ಲವೋ, ಪಕ್ಕದ ಮನೆ ಅಜ್ಜ ತಮ್ಮ ಇಪ್ಪತ್ತು ವರ್ಷ ಹಳೆಯ ಪೆಟ್ರೋಲ್ ಮೆಷಿನ್ ಗಡಗಡ ಅನ್ನಿಸುತ್ತಾ ಬಂದರು. ನಮ್ಮ ಒಡ್ಡನ್ನು ಐದು ನಿಮಿಷದಲ್ಲಿ ಸೀಳಿ ಹಾಕಿದರು. ಸುಳ್ಳು ಹೇಳಲ್ಲ, ಆ ಐದು ನಿಮಿಷ ನನಗೂ ಪೆಟ್ರೋಲ್ ಮೆಷಿನ್ ಮೇಲೆ ಆಸೆಯಾಯ್ತು. ಒಂದು ಫ್ಲಾಸ್ಕ್ ಫಿಲ್ಟರ್ ಕಾಫಿ ಕೊಟ್ಟೆವು. ಹೋಗುವ ಮುಂಚೆ ಅಜ್ಜ ನನ್ನ ಮೆಷಿನ್ ಪಕ್ಕದಲ್ಲಿ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕೋಲು ತೋರಿಸಿ ಒಂದು ಮಾತು ಹೇಳಿದರು. ಕೊಳವೆ ಕಟ್ಟಿಕೊಂಡರೆ ಆಫ್ ಮಾಡಿ ಈ ಕೋಲಿನಿಂದಲೇ ತೆಗಿ, ಕೈ ಮಾತ್ರ ಹಾಕಬೇಡ. ನಿಂತ ಮೆಷಿನ್‌ನ ರೆಕ್ಕೆಯೂ ಸಿಕ್ಕಿಕೊಂಡ ಹಿಮ ಬಿಟ್ಟ ಕೂಡಲೇ ತಿರುಗಿ ಬೆರಳು ಕತ್ತರಿಸುತ್ತೆ. ಬ್ಯಾಟರಿಯದ್ದು ಅಂತ ಸದರ ಬೇಡ.

ಅವತ್ತಿನಿಂದ ಕ್ರಮ ಬದಲಾಯಿತು. ಬ್ಯಾಟರಿ ಪೂರ್ತಿ ಇರುವಾಗಲೇ ಮೊದಲು ಡ್ರೈವ್‌ವೇ ಬಾಯಿ, ಆಮೇಲೆ ಉಳಿದದ್ದು. ದೊಡ್ಡ ಹಿಮ ಬರುತ್ತೆ ಅಂತ ಗೊತ್ತಾದರೆ ಅರ್ಧ ಬಿದ್ದಾಗ ಒಂದು ಸಲ, ನಿಂತ ಮೇಲೆ ಇನ್ನೊಂದು ಸಲ. ಬ್ಯಾಟರಿಯ ಜಾಗ ಅಡುಗೆಮನೆಯಲ್ಲಿ, ಅಕ್ಕಿ ಡಬ್ಬದ ಪಕ್ಕ. ಸಲಿಕೆಯನ್ನು ಅಪ್ಪನ ಕೈಗೆ ಸಿಗದ ಕಡೆ ಇಟ್ಟೆ.

ನಿಮ್ಮ ಡ್ರೈವ್‌ವೇ ನೂರು ಅಡಿ ಇದ್ದರೆ, ಪದೇ ಪದೇ ಕರೆಂಟ್ ಹೋಗುವ ಜಾಗವಾದರೆ, ಎಂಜಿನ್ ಬಿಚ್ಚಿ ಜೋಡಿಸುವ ಆಸಕ್ತಿ ಇರುವವರು ಮನೆಯಲ್ಲಿದ್ದರೆ ನಾನೂ ಪೆಟ್ರೋಲೇ ತಗೊಳ್ಳಿ ಅಂತೀನಿ. ಹೊರಗಡೆ ಸ್ಟಾರ್ಟ್ ಮಾಡಿ, ಅಷ್ಟೇ. ನಮ್ಮ ಮನೆಯ ಉತ್ತರ ಬೇರೆ ಇತ್ತು. ನಮಗೆ ಬೇಕಾಗಿದ್ದು ಅಪ್ಪ ಏಳುವ ಮುಂಚೆ ನಾನು ಸದ್ದಿಲ್ಲದೆ ಹೊರಗೆ ಹೋಗಿ ಮುಗಿಸಿಬಿಡಬಹುದಾದ ಮೆಷಿನ್.

ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಊರಿಗೆ ಹೋದರು. ಅಪ್ಪ ಮಾತ್ರೆ ತಪ್ಪಿಸುತ್ತಿಲ್ಲ ಅಂತ ಅಮ್ಮ ವರದಿ ಕೊಡುತ್ತಾರೆ. ಅಪ್ಪನ ಫೋನಿನಲ್ಲಿ ಈಗಲೂ ಸಿರಾಕ್ಯೂಸ್ ಹವಾಮಾನ ಇದೆ. ಇಲ್ಲಿ ಹಿಮ ಅಂತ ತೋರಿಸಿದ ರಾತ್ರಿಯೆಲ್ಲ ವಾಟ್ಸಾಪ್ ಕಾಲ್ ಬರುತ್ತೆ. ನಾನು ಹಲೋ ಅನ್ನುವ ಮೊದಲೇ ಕೇಳುತ್ತಾರೆ:

"ಬ್ಯಾಟರಿ ಒಳಗೆ ತಂದಿಟ್ಟೆಯಾ?"

"ತಂದಿಟ್ಟೆ ಅಪ್ಪ. ನೀವು ಮಾತ್ರೆ ತಗೊಂಡ್ರಾ?"