ಚಕ್ರಪಾದುಕೆಗೊಂದು ತಾಳ

ಮೈಸೂರಿಗೆ ಬಂದ ಪ್ರವಾಸಿಕರು ಅರಮನೆಯನ್ನೂ ಚಾಮುಂಡಿಬೆಟ್ಟವನ್ನೂ ಕಂಡು, ಮೈಸೂರುಪಾಕಿನ ಪೊಟ್ಟಣದೊಡನೆ ರೈಲು ಹತ್ತುವುದು ವಾಡಿಕೆ. ಕೃಷ್ಣಮೂರ್ತಿಪುರಂ ಅವರ ಕಣ್ಣಿಗೆ ಬೀಳುವುದಿಲ್ಲ. ಬೀಳುವಂತಹ ಅದ್ಭುತವೂ ಅಲ್ಲಿಲ್ಲವೆನ್ನಿ. ಲಕ್ಷ್ಮೀಪುರಂ, ಚಾಮುಂಡಿಪುರಂಗಳ ನೆರೆಯ ಈ ಬಡಾವಣೆಯಲ್ಲಿರುವುದು ನೇರವಾದ ಅಡ್ಡರಸ್ತೆಗಳು, ರಾಮಮಂದಿರ, ಶಾರದಾವಿಲಾಸದ ವಿದ್ಯಾಸಂಸ್ಥೆಗಳು, ಮತ್ತು ಸಂಜೆಯ ವೇಳೆಗೆ ಯಾವುದಾದರೊಂದು ಕಿಟಕಿಯಿಂದ ಕೇಳಿಬರುವ ಸಂಗೀತಪಾಠ.

ಈ ನೇರ ರಸ್ತೆಗಳ ಬೆಲೆಯನ್ನು ಬಲ್ಲವರು ಮಕ್ಕಳು. ರಜೆಯ ಮುಂಜಾನೆ ವಾಹನಗಳ ಗದ್ದಲ ಮೊದಲಾಗುವ ಮುನ್ನ, ಮಂಡಿಗೆ ಕವಚ, ತಲೆಗೆ ಶಿರಸ್ತ್ರಾಣ ಧರಿಸಿದ ಪುಟ್ಟ ಯೋಧರು ಕಾಲಿಗೆ ಗಾಲಿಗಳನ್ನು ಬಿಗಿದುಕೊಂಡು ಹೊರಡುತ್ತಾರೆ. ಹಿಂದೆ ಅವರ ತಾಯಂದಿರ ಕೂಗು. ಮುಂದೆ ಪಂದ್ಯ, ಪದಕ. ಬೆಳಗಾವಿಯ ಬಾಲಕರಂತೂ ಸಾಲಾಗಿ ನಿಂತ ಕಾರುಗಳ ಅಡಿಯಲ್ಲಿ ಮೈಚಾಚಿ ನುಸುಳಿ ದಾಖಲೆ ಮಾಡಿದವರು. ಇದೆಲ್ಲ ಸಾಹಸವೇ ಸರಿ. ಆದರೆ ಸ್ಕೇಟಿಂಗ್ ಎಂಬ ವಿನೋದಕ್ಕೆ ವೇಗದ ನಂಟಷ್ಟೇ ಅಲ್ಲ, ಸಂಗೀತದ ನಂಟೂ ಉಂಟು. ಕೃಷ್ಣಮೂರ್ತಿಪುರಂನಲ್ಲಿ ತಾಳವೂ ಇದೆ, ಗಾಲಿಯೂ ಇದೆ. ಒಂದೇ ಬೀದಿಯಲ್ಲಿದ್ದೂ ಅವೆರಡಕ್ಕೂ ಪರಸ್ಪರ ಪರಿಚಯವಾಗಿಲ್ಲ.

ಹೊರನಾಡಿನಲ್ಲಿ ಆ ಪರಿಚಯ ಮೊದಲಿಗೆ ಅನಾಹುತದಲ್ಲಿ ಮುಗಿಯಿತಂತೆ. 18ನೆಯ ಶತಮಾನದ ಲಂಡನ್ನಿನಲ್ಲಿ ಜಾನ್ ಜೋಸೆಫ್ ಮರ್ಲಿನ್ ಎಂಬ ಯಂತ್ರಕುಶಲಿಯಿದ್ದನು. ಅವನು ತಾನೇ ತಯಾರಿಸಿದ ಗಾಲಿಯ ಜೋಡು ತೊಟ್ಟು, ಪಿಟೀಲು ನುಡಿಸುತ್ತ, ಶ್ರೀಮಂತರ ಔತಣಕೂಟವೊಂದಕ್ಕೆ ಜಾರಿಕೊಂಡು ಬಂದನೆಂದೂ, ನಿಲ್ಲುವ ಉಪಾಯ ತಿಳಿಯದೆ ಭಾರಿ ನಿಲುವುಗನ್ನಡಿಯೊಂದಕ್ಕೆ ಢಿಕ್ಕಿ ಹೊಡೆದು, ಕನ್ನಡಿ, ಪಿಟೀಲು, ತನ್ನ ಮೈ ಮೂರನ್ನೂ ಜಖಂಗೊಳಿಸಿಕೊಂಡನೆಂದೂ ಕಥೆಯಿದೆ. ತಿರುಗುವ ಉಪಾಯವನ್ನು ಜಗತ್ತಿಗೆ ಕಲಿಸಿದವನು ಅಮೆರಿಕದ ಜೇಮ್ಸ್ ಪ್ಲಿಂಪ್ಟನ್. 1863ರಲ್ಲಿ ಅವನು ರೂಪಿಸಿದ ನಾಲ್ಕು ಗಾಲಿಯ ಜೋಡಿನಲ್ಲಿ, ಮೈಯನ್ನು ಎತ್ತ ವಾಲಿಸಿದರೆ ಅತ್ತ ಪಾದವೂ ಬಾಗಿ ಹೊರಳುತ್ತಿತ್ತು. ಬಳುಕು ಬಂದೊಡನೆ ನೃತ್ಯವೂ ಬಂದಿತು.

ವಾಲ್ಟ್ಸ್ ಎಂಬ ಐರೋಪ್ಯ ನೃತ್ಯಕ್ಕೆ ಮೂರರ ಎಣಿಕೆ. ಮೃದಂಗ ಕಲಿತ ನಮ್ಮ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ, ತಿಶ್ರಗತಿಯೆಂದರೆ ಸಾಕು. ನೆಲದ ಮೇಲೆ ಕುಣಿಯುವವನು ಪ್ರತಿಯೊಂದು ಪೆಟ್ಟಿಗೂ ಹೆಜ್ಜೆಯಿಡಬೇಕು. ಗಾಲಿಯ ಮೇಲಿರುವವನಾದರೋ ಒಂದು ಸಲ ನೂಕಿ, ಉಳಿದ ಪೆಟ್ಟುಗಳನ್ನು ತೇಲುತ್ತಲೇ ಕಳೆಯಬಹುದು. ನಾಟ್ಯ ಬಾರದವನಿಗೂ ನಾಟ್ಯದ ಸುಖ ದೊರೆತುದು ಹೀಗೆ. ಎಮಿಲ್ ವಾಲ್ಡ್‌ಟ್ಯೂಫೆಲನು 1882ರಲ್ಲಿ ಹಿಮದ ಮೇಲೆ ಜಾರುವವರನ್ನು ಕುರಿತು ರಚಿಸಿದ ವಾಲ್ಟ್ಸನ್ನು ಗಾಲಿಯವರೂ ತಮ್ಮದಾಗಿಸಿಕೊಂಡರು. ಸಭಾಂಗಣದಲ್ಲಿ ಎಲ್ಲರೂ ಸುತ್ತುವುದು ಸಾಮಾನ್ಯವಾಗಿ ಎಡಕ್ಕೆ, ಅಂದರೆ ಅಪ್ರದಕ್ಷಿಣವಾಗಿ. ನಮ್ಮ ರಾಮಮಂದಿರದ ಭಕ್ತರು ಒಪ್ಪಲಾರರು!

ಇದು ನಮ್ಮ ದೇಶಕ್ಕೆ ಬಂದುದು ಆಂಗ್ಲರೊಡನೆ. ಮಸ್ಸೂರಿಯಂತಹ ಗಿರಿಧಾಮಗಳಲ್ಲಿ ಅವರು ‘ರಿಂಕ್’ ಕಟ್ಟಿಸಿಕೊಂಡರು. ಬಾಗಿಲು ಯಾರಿಗೆ ತೆರೆಯುತ್ತಿತ್ತೆಂಬುದನ್ನು ಊಹಿಸಬಹುದು.

ಬಾಗಿಲಿನ ಈ ಪ್ರಶ್ನೆ ಅಮೆರಿಕದಲ್ಲಿ ಹೆಚ್ಚು ಕಟುವಾಗಿತ್ತು. ಷಿಕಾಗೋ ನಗರದ ವೈಟ್ ಸಿಟಿ ರಿಂಕಿನಲ್ಲಿ ಕರಿಯ ಜನರಿಗೆ ‘ಸದಸ್ಯರಿಗೆ ಮಾತ್ರ ಪ್ರವೇಶ’ ಎನ್ನುವರು. ಸದಸ್ಯರಲ್ಲದ ಬಿಳಿಯರನ್ನು ಸದ್ದಿಲ್ಲದೆ ಒಳಗೆ ಬಿಡುವರು. ಗಾಂಧೀಜಿಯವರ ಅಹಿಂಸಾಮಾರ್ಗವನ್ನು ಮೆಚ್ಚಿ 1942ರಲ್ಲಿ ಅದೇ ನಗರದಲ್ಲಿ ಹುಟ್ಟಿದ ‘ಕೋರ್’ ಸಂಸ್ಥೆ ಇದರ ವಿರುದ್ಧ ಹೋರಾಡಿತು. ಎಷ್ಟೋ ಊರುಗಳಲ್ಲಿ ಕರಿಯರಿಗೆ ವಾರಕ್ಕೊಂದೇ ರಾತ್ರಿ ಮೀಸಲು. ವಿಶೇಷವೆಂದರೆ, ಆ ಒಂದೊಂದೇ ರಾತ್ರಿಯಲ್ಲಿ ಅವರು ಬೆಳೆಸಿದ ಕುಣಿತವೇ ಮುಂದೆ 1970ರ ದಶಕದಲ್ಲಿ ‘ರೋಲರ್ ಡಿಸ್ಕೊ’ ಎಂಬ ಹೆಸರಿನಿಂದ ಲೋಕವನ್ನೆಲ್ಲ ಆವರಿಸಿತು. ಅದರ ತೌರುಮನೆಯೆಂದು ಹೆಸರಾಗಿದ್ದ ಬ್ರೂಕ್ಲಿನ್ನಿನ ಎಂಪೈರ್ ರಿಂಕ್ 1941ರಲ್ಲಿ ತೆರೆದು 2007ರಲ್ಲಿ ಮುಚ್ಚಿತು.

ಲೆಜರ್ ಸ್ಮಿತ್ ಎಂಬ ಸ್ಕೇಟಿಂಗ್ ಕಲಾವಿದನನ್ನು ಇಲ್ಲಿ ನೆನೆಯಲೇಬೇಕು. 1963ರ ಆಗಸ್ಟಿನಲ್ಲಿ, ಮಾರ್ಟಿನ್ ಲೂಥರ್ ಕಿಂಗರು ಭಾಷಣ ಮಾಡಿದ ಮಹಾಸಭೆಗೆಂದು, ಆತನು ಎದೆಯ ಮೇಲೆ ‘ಸ್ವಾತಂತ್ರ್ಯ’ ಎಂಬ ಪಟ್ಟಿ ಧರಿಸಿ, ಷಿಕಾಗೋದಿಂದ ವಾಷಿಂಗ್ಟನ್‌ವರೆಗೆ ಸುಮಾರು 1100 ಕಿಲೋಮೀಟರ್ ದಾರಿಯನ್ನು ಹತ್ತು ದಿನಗಳಲ್ಲಿ ಗಾಲಿಗಳ ಮೇಲೆಯೇ ಕ್ರಮಿಸಿದನು. ಮನೋರಂಜನೆಯ ಜೋಡಿಗೆ ಇದಕ್ಕಿಂತ ದೊಡ್ಡ ಗೌರವ ಸಂದುದುಂಟೆ?

ಕೃಷ್ಣಮೂರ್ತಿಪುರಂನ ಅಡ್ಡರಸ್ತೆಗೆ ಬಾಗಿಲೂ ಇಲ್ಲ, ಟಿಕೇಟೂ ಇಲ್ಲ. ವಾದ್ಯಕ್ಕೇನೂ ಬರವಿಲ್ಲ, ಅರಮನೆಯ ಕಾಲದಿಂದ ಬಂದ ಆಂಗ್ಲ ಬ್ಯಾಂಡು ಪೊಲೀಸ್ ಇಲಾಖೆಯ ಆಶ್ರಯದಲ್ಲಿ ದಸರೆಯ ಹೊತ್ತಿಗೆ ನುಡಿಸುವುದನ್ನು ಮೈಸೂರಿಗರು ಬಲ್ಲರು. ಕೊರತೆಯಿರುವುದು ದೊಡ್ಡವರ ಧೈರ್ಯದಲ್ಲಿ ಮಾತ್ರ. ಗಾಲಿಯ ಜೋಡು ಮಕ್ಕಳ ಸಾಮಾನೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಅಮೆರಿಕದ ರಿಂಕುಗಳಲ್ಲಿ ಅಜ್ಜಿಯರೂ ತಾಳ ತಪ್ಪದೆ ತೇಲುತ್ತಾರೆ. ತಿಂಗಳಿಗೊಂದು ಭಾನುವಾರ ಒಂದು ಗಂಟೆಯ ಕಾಲ ಒಂದೇ ಒಂದು ರಸ್ತೆಯಲ್ಲಿ ವಾಹನಗಳನ್ನು ತಡೆದು, ತಿಶ್ರಗತಿಯ ವಾದ್ಯವೊಂದನ್ನು ಹಾಕಿ ನೋಡಬಹುದು. ಮಧ್ಯಾಹ್ನದ ನಿದ್ರೆಗೆ ಭಂಗ ಬಾರದಿರಲೆಂದು, ಸಂಜೆ ಐದರ ಮೇಲಾದರೆ ಉತ್ತಮ.