ಪಕ್ಕದಲ್ಲಿ ಕೂತವರ ಅಂಕಪಟ್ಟಿ

ಬೆಳಗಾವಿ, ಸಭಾಂಗಣದ ಹೊರಗೆ

ಇವತ್ತಿನ ಗಾಯನ ಸಭೆಯ ಫ್ಲೆಕ್ಸು. ಗಾಯಕರ ಮುಖ ದೊಡ್ಡದಾಗಿದೆ. ತಬಲಾ, ಹಾರ್ಮೋನಿಯಂ ಸಾಥಿಗೆ ಕೂರುವವರ ಹೆಸರು ತೀರಾ ಕೆಳಗೆ, ಪ್ರಾಯೋಜಕರ ಬಂಗಾರದಂಗಡಿಯ ಹೆಸರಿಗಿಂತ ಸಣ್ಣ ಅಕ್ಷರದಲ್ಲಿ. ಬಾಗಿಲು ತೆರೆಯುವತನಕ ನಾನು ಮೊಬೈಲಿನಲ್ಲಿ ಕೇಳುತ್ತಿದ್ದದ್ದು ಪಿಯಾನೊ ವಾದಕಿ ಮಿತ್ಸುಕೊ ಉಚಿದಾ ನುಡಿಸಿದ ಮೊಜಾರ್ಟ್. ಅಲ್ಲಿ ಪಿಯಾನೊ ವೇದಿಕೆಯ ನಟ್ಟನಡುವೆ, ವಾದ್ಯವೃಂದವೆಲ್ಲ ಆಕೆಯ ಸುತ್ತ. ಕರಿ ಮನೆ, ಬಿಳಿ ಮನೆಗಳ ಮೇಲೆ ಬೆರಳಾಡಿಸುವ ಕಸುಬು ಎರಡೂ ಕಡೆ ಅದೇ. ಹಾಗಿದ್ದರೆ ಒಂದು ನಡುವೆ ಹೋಗಿ ಕೂತದ್ದು, ಇನ್ನೊಂದು ಪಕ್ಕಕ್ಕೆ ಸರಿದದ್ದು ಹೇಗೆ?

ಉಚಿದಾ ಏರಿದ ಮೆಟ್ಟಿಲು

ಹುಟ್ಟಿದ್ದು 1948ರಲ್ಲಿ, ಟೋಕಿಯೊ ಹತ್ತಿರದ ಅತಾಮಿಯಲ್ಲಿ. ತಂದೆ ರಾಜತಾಂತ್ರಿಕರು. ಅವರಿಗೆ ವಿಯೆನ್ನಾದಲ್ಲಿ ಕೆಲಸವಾಯಿತೆಂದು ಹನ್ನೆರಡರ ಹುಡುಗಿ ಅಲ್ಲಿಗೆ ಹೋದಳು. 1969ರಲ್ಲಿ ವಿಯೆನ್ನಾದ ಬೀಥೋವನ್ ಸ್ಪರ್ಧೆಯಲ್ಲಿ ಮೊದಲ ಸ್ಥಾನ. 1970ರಲ್ಲಿ ವಾರ್ಸಾದ ಶೋಪೆನ್ ಸ್ಪರ್ಧೆಯಲ್ಲಿ ಎರಡನೆಯದು. 1975ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲೂ ಎರಡನೆಯದು. ಆಮೇಲೆ ಮೊಜಾರ್ಟನ ಸೊನಾಟಾಗಳು, ಧ್ವನಿಮುದ್ರಿಕೆಗಳು, 2009ರಲ್ಲಿ ಬ್ರಿಟನ್ನಿನ 'ಡೇಮ್' ಪದವಿ. ಯಾವ ವರ್ಷ ಯಾವ ಮೆಟ್ಟಿಲು ಎಂದು ಬೆರಳಿಟ್ಟು ತೋರಿಸಬಹುದು.

ರಾಮಭಾವು ಅವರದು

ಈ ಊರಲ್ಲಿ ಹಾರ್ಮೋನಿಯಂ, ಅಂದರೆ ಪೇಟಿ, ಎನ್ನುತ್ತಲೇ ಮೊದಲು ಬಾಯಿಗೆ ಬರುವ ಹೆಸರು ಪಂಡಿತ ಆರ್. ಕೆ. ಬಿಜಾಪುರೆ, ಎಲ್ಲರಿಗೂ ರಾಮಭಾವು. ಹುಟ್ಟಿದ್ದು 1917ರಲ್ಲಿ ಕಾಗವಾಡದಲ್ಲಿ, ತೀರಿಕೊಂಡದ್ದು 2010ರಲ್ಲಿ. ನಡುವಿನ ಬದುಕನ್ನು ಬರೆಯ ಹೊರಟರೆ ಪೆನ್ನು ತಡೆಯುತ್ತದೆ. ಯಾರನ್ನು ಕೇಳಿದರೂ ಹೇಳುವುದು ಅವರು ಯಾರ್‍ಯಾರ ಸಾಥಿಗೆ ಕೂತರು ಎಂಬುದನ್ನೇ: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಇದೇ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವ. ಪಟ್ಟಿ ಬೆಳೆಯುತ್ತದೆ, ಆದರೆ ಅದರಲ್ಲಿ ಇರುವುದೆಲ್ಲ ಬೇರೆಯವರ ಹೆಸರು. ಪೇಟಿಯಲ್ಲಿ ರಾಮಭಾವು ಏನು ಮಾಡಿದರು ಎನ್ನುವುದು ಪಟ್ಟಿಗೆ ಸಿಗುವುದಿಲ್ಲ. ಶಿಷ್ಯರಿಂದ ಅಳೆಯೋಣವೆಂದರೆ ಸುಧಾಂಶು ಕುಲಕರ್ಣಿ, ರವೀಂದ್ರ ಕಾಟೋಟಿ, ವ್ಯಾಸಮೂರ್ತಿ ಕಟ್ಟಿ ಎಂದು ಅದೂ ಇನ್ನೊಂದು ಹೆಸರುಗಳ ಸಾಲು.

ಒಂದು ಲೆಕ್ಕ

1940ರ ಮಾರ್ಚ್‌ನಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಸ್ವರಗಳು ಮೊದಲೇ ಕಟ್ಟಿಹಾಕಿದಂತಿವೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ವಿಲಾಯತಿ ಪೆಟ್ಟಿಗೆ, ಹೀಗೆ ತಕರಾರು. ರವೀಂದ್ರನಾಥ ಠಾಕೂರರೂ ಇದರ ವಿರುದ್ಧ ಬರೆದಿದ್ದರು. ಸಾಥಿಗೆ ಮತ್ತೆ ಒಳಗೆ ಬಿಟ್ಟದ್ದು 1971ರಲ್ಲಿ. ಸ್ವತಂತ್ರ ವಾದನಕ್ಕೆ ಬಾಗಿಲು ತೆರೆಯಲು ಇನ್ನೂ ಬಹಳ ಕಾಲ ಹಿಡಿಯಿತು.

ಕೂಡಿ ಕಳೆದು ನೋಡಿದೆ. ನಿಷೇಧ ಬಂದಾಗ ರಾಮಭಾವುಗೆ ಇಪ್ಪತ್ತಮೂರು, ಸಡಿಲವಾದಾಗ ಐವತ್ತನಾಲ್ಕು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದದ್ದೇ ಈ ನಿಷೇಧದ ನಡುವೆ. ಉಚಿದಾ ವಾರ್ಸಾದಲ್ಲಿ ಎರಡನೆಯ ಸ್ಥಾನ ಪಡೆದ ವರ್ಷ ಇಲ್ಲಿನ್ನೂ ಪೇಟಿಗೆ ಮೈಕಿನ ಮುಂದೆ ಬರಲು ಅಪ್ಪಣೆಯಿರಲಿಲ್ಲ.

ಗೋಜಲು ಇಲ್ಲಿದೆ: ರೇಡಿಯೊ ಬೇಡವೆಂದ ಆ ಮೂವತ್ತೊಂದು ವರ್ಷವೂ ಅದೇ ಗಾಯಕರು ಸಭೆಗಳಲ್ಲಿ ಪೇಟಿ ಬೇಕೆಂದರು. ಆಕಾಶವಾಣಿಯ ಕಿವಿಗೆ ಕೇಳಿಸಿದ ದೋಷ ಹಾಡುವವರಿಗೆ ಕೇಳಿಸಲಿಲ್ಲವೇ? ಅಥವಾ ಕೇಳಿಸಿಯೂ ಬೇಕಾಗಿತ್ತೇ?

ಒಂದೇ ಬಳ್ಳಿ

ಜಪಾನಿನ ಪಿಯಾನೊ ಕಥೆ ಹಿಂದೆ ಹಿಂದೆ ಹೋದರೆ ನಮ್ಮ ಪೇಟಿಯ ದಾಯಾದಿಯ ಹತ್ತಿರ ನಿಲ್ಲುತ್ತದೆ. 1887ರಲ್ಲಿ ಹಮಾಮತ್ಸು ಊರಿನ ಶಾಲೆಯಲ್ಲಿ ಕೆಟ್ಟುಹೋದ ರೀಡ್ ಆರ್ಗನ್ ಒಂದನ್ನು ದುರಸ್ತಿಗೆ ಬಿಚ್ಚಿದವರು ತೊರಕುಸು ಯಮಹಾ. ಆಮೇಲೆ ತಾವೇ ಒಂದನ್ನು ಮಾಡಿ, ಜೊತೆಗಾರನೊಂದಿಗೆ ಅಡ್ಡೆ ಹೊತ್ತು, ಹಕೊನೆ ಬೆಟ್ಟ ದಾಟಿ ಟೋಕಿಯೊಗೆ ಪರೀಕ್ಷೆಗೆ ಒಯ್ದರು. ಶ್ರುತಿ ಸರಿಯಿಲ್ಲವೆಂದು ಅಲ್ಲಿಯವರು ಹೇಳಿದರು. ಶ್ರುತಿ ಕೂಡಿಸುವುದನ್ನು ಕಲಿತು ಇನ್ನೊಂದು ಮಾಡಿದರು. 1900ಕ್ಕೆ ಪಿಯಾನೊ ಬಂತು.

ಇದಕ್ಕೂ ಮೊದಲೇ ಕಲ್ಕತ್ತೆಯಲ್ಲಿ ದ್ವಾರಕಾನಾಥ ಘೋಷ್ ಕಾಲಿನಿಂದ ತುಳಿಯುವ ಹಾರ್ಮೋನಿಯಂನ ಕಾಲು ತೆಗೆದು, ತಿದಿಯನ್ನು ಬೆನ್ನಿಗೆ ಹಚ್ಚಿ ನೆಲಕ್ಕೆ ಇಳಿಸಿದರು. ನಮ್ಮ ಸೀಮೆಯಲ್ಲಿ ತುಳಿಯುವ ಪೇಟಿ ನಾಟಕದ ಕಂಪನಿಗಳಲ್ಲಿ ಬಹುಕಾಲ ಉಳಿಯಿತು. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ ಇದೇ ಜಿಲ್ಲೆಯ ಗುರ್ಲಹೊಸೂರಿನವರು. ಏಣಗಿ ಬಾಳಪ್ಪ ಕನ್ನಡ ಕಂಪನಿ ಕಟ್ಟಿ ನಡೆಸಿದ್ದೂ ಈ ಜಿಲ್ಲೆಯ ನೆಲದಿಂದಲೇ. ಕಂಪನಿ ನಾಟಕದಲ್ಲಿ ಪೇಟಿ ಮಾಸ್ತರ ಕೂರುತ್ತಿದ್ದದ್ದು ರಂಗದ ಮುಂದೆ. ನಟನಿಗೆ ಸ್ವರ ಕೊಡುವವನು ಅವನು, ತಪ್ಪಿದಾಗ ಎತ್ತಿಹಿಡಿಯುವವನೂ ಅವನೇ. ಪಕ್ಕಕ್ಕೆ ಸರಿದದ್ದು ಖ್ಯಾಲಿನ ಬೈಠಕ್ಕಿಗೆ ಬಂದ ಮೇಲೆ ಇರಬೇಕು.

ಖಾನಾಪುರ, ಮಳೆ

ರೈಲಿಳಿದರೆ ಹಂಚು ಮಾಡುವ ಮಣ್ಣಿನ ವಾಸನೆ. ಮಲಪ್ರಭೆ ತುಂಬಿದೆ. ಗುಡಿಯಲ್ಲಿ ಭಜನೆ, ಮೊದಲು ಮರಾಠಿ ಅಭಂಗ, ಆಮೇಲೆ ಕನ್ನಡದ ದಾಸರ ಪದ. ಪೇಟಿಗೆ ಎರಡರ ನಡುವೆ ಗಡಿಯಿಲ್ಲ. ನುಡಿಸುವ ಅಜ್ಜ ಒಂದು ಮನೆಯನ್ನು ಮುಟ್ಟದೆ ಹಾರಿ ಹಾರಿ ಹೋಗುತ್ತಿದ್ದದ್ದು ಕಂಡಿತು. ಮುಗಿದ ಮೇಲೆ ಕೇಳಿದೆ.

"ಮಳಿಗಾಲದಾಗ ಕಟಗಿ ಉಬ್ಬತೈತ್ರೀ. ಆ ಮನಿ ಒತ್ತಿದ್ರ ಕೂತ ಬಿಡತೈತಿ, ಮ್ಯಾಲ ಏಳೂದಿಲ್ಲ. ಅದಕ್ಕ ಅದನ್ನ ಬಿಟ್ಟ ನುಡಸ್ತೀನಿ."

ಮುಚ್ಚಳ ತೆಗೆದು ತೋರಿಸಿದರು. ಸಾಲಾಗಿ ಹಿತ್ತಾಳೆಯ ರೀಡುಗಳು, ಒಂದೆರಡರ ಮೇಲೆ ಹಸಿರು ಕಿಲುಬು. ನಾಲಗೆಯ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. "ಕೆರದಿದ್ದನ್ನ ಮತ್ತ ಹಚ್ಚಾಕ ಬರೂದಿಲ್ರೀ," ಎಂದು ಮುಚ್ಚಿದರು. ಒಂದು ಸ್ವರ ಇಲ್ಲದೆಯೂ ಭಜನೆ ಎಲ್ಲೂ ನಿಲ್ಲಲಿಲ್ಲ. ಆ ಸ್ವರ ಹಾಡುವವರ ಗಂಟಲಲ್ಲಿ ಇದೆ ಎಂಬ ಧೈರ್ಯವೋ ಏನೋ.

ಮತ್ತೆ ಬೆಳಗಾವಿ, ಮುಂದಿನ ಸಾಲು

ಈ ಸಲ ಗಾಯಕರನ್ನು ನೋಡಲಿಲ್ಲ, ಪೇಟಿಯವರ ಎಡಗೈ ನೋಡುತ್ತ ಕೂತೆ. ಪಿಯಾನೊಗೆ ಎಂಬತ್ತೆಂಟು ಮನೆ, ಹತ್ತೂ ಬೆರಳಿಗೆ ಕೆಲಸ. ಆದರೆ ಒತ್ತಿದ ಸ್ವರ ಆ ಕ್ಷಣದಿಂದಲೇ ಕರಗತೊಡಗುತ್ತದೆ. ಪೇಟಿಗೆ ಮೂರೂವರೆ ಸಪ್ತಕದ ಆಸುಪಾಸು, ನುಡಿಸಲು ಒಂದೇ ಕೈ. ಇನ್ನೊಂದು ಕೈ ಉಸಿರಾಟಕ್ಕೆ.

ಗಾಯಕರು ಗಾಂಧಾರದಿಂದ ರಿಷಭಕ್ಕೆ ನಿಧಾನ ಜಾರಿದರು. ಆ ಜಾರುವಿಕೆಗೆ ಪೇಟಿಯಲ್ಲಿ ಜಾಗವೇ ಇಲ್ಲ. ಪೇಟಿಯವರು ಗಾಂಧಾರದ ಮೇಲಿನ ಬೆರಳು ತಕ್ಷಣ ಎತ್ತಲಿಲ್ಲ. ತಿದಿಯ ಮೇಲಿನ ಅಂಗೈ ಸಡಿಲವಾಯಿತು, ಸ್ವರ ತೆಳ್ಳಗಾಯಿತು, ಗಾಯಕರು ರಿಷಭ ಮುಟ್ಟುವ ಹೊತ್ತಿಗೆ ಅಲ್ಲಿ ಆಗಲೇ ರಿಷಭ ಇತ್ತು. ಮುಂದೆ ತಾನಿನಲ್ಲಿ ಒಂದು ಕೂದಲೆಳೆ ಹಿಂದೆ ಬಂದರು. ತಪ್ಪಿ ಅಲ್ಲ, ಬೇಕೆಂದೇ. ಮುಂದೆ ಹೋದರೆ ಉದ್ಧಟತನ, ತೀರ ಹಿಂದೆ ಬಿದ್ದರೆ ಭಾರ. ಗಾಯಕರು ಉಸಿರು ತೆಗೆದುಕೊಂಡಾಗ ಮಾತ್ರ ಎರಡು ತುಣುಕು ತಮ್ಮದೆಂದು ನುಡಿಸಿದರು. ಜನ ವಾಹ್ ಎಂದದ್ದು ಆ ತುಣುಕುಗಳಿಗೆ. ಜಾರಿದ ಸ್ವರವನ್ನು ಹಿಡಿದುಕೊಂಡದ್ದಕ್ಕೆ ಯಾರೂ ಏನೂ ಅನ್ನಲಿಲ್ಲ.

ಆಕಾಶವಾಣಿಯವರು ಪೆಟ್ಟಿಗೆಯ ದೋಷ ಪಟ್ಟಿ ಮಾಡಿದ್ದರಲ್ಲಿ ಸುಳ್ಳಿಲ್ಲ. ಅವರು ಎಡಗೈಯನ್ನು ಲೆಕ್ಕಕ್ಕೆ ಹಿಡಿದಂತಿಲ್ಲ.

ಅಂಚಿನ ಟಿಪ್ಪಣಿ

2017ರಲ್ಲಿ ಉಚಿದಾ ಅವರಿಗೆ ಗ್ರ್ಯಾಮಿ ಬಂದದ್ದು ಡೊರೊಥಿಯಾ ರೋಶ್ಮನ್ ಹಾಡಿದ ಶೂಮನ್, ಬರ್ಗ್ ಗೀತೆಗಳ ಮುದ್ರಿಕೆಗೆ. ಅದರಲ್ಲಿ ಆಕೆ ಪಕ್ಕದವರು. ಅರವತ್ತರ ನಂತರ, ನಟ್ಟನಡುವಿನ ಎಲ್ಲ ಮೆಟ್ಟಿಲು ಹತ್ತಿದ ಮೇಲೆ, ಗಾಯಕಿಯ ಸಾಥಿಗೆ ಕೂತದ್ದು ಇಳಿಕೆ ಎಂದು ಅಲ್ಲಿ ಯಾರೂ ಬರೆದಂತಿಲ್ಲ. ಇತ್ತ ನಮ್ಮವರು ನಡುವಿನ ಕಡೆ ಹೊರಟಿದ್ದಾರೆ: 2018ರಲ್ಲಿ ಬೆಂಗಳೂರಲ್ಲಿ ಹಾರ್ಮೋನಿಯಂಗೆಂದೇ ವಿಶ್ವ ಸಮಾವೇಶ ನಡೆಯಿತು. ಮುಂಚೂಣಿಯಲ್ಲಿ ಇದ್ದವರು ರಾಮಭಾವು ಶಿಷ್ಯ ಕಾಟೋಟಿ. ಸ್ವತಂತ್ರ ವಾದನಕ್ಕೆ ಇದು ಒಳ್ಳೆಯದೇ. ಆದರೆ ಆ ಎಡಗೈಯ ಕೆಲಸಕ್ಕೆ ಅಂಕ ಎಲ್ಲಿ ಸಿಗುತ್ತದೆ?

ಬೆಳಗಾವಿಯಲ್ಲೇ ಸಾಥಿಗೊಂದು ಸ್ಪರ್ಧೆ ಇಟ್ಟರೆ? ರಾಗ ಮೊದಲೇ ಹೇಳಬಾರದು. ಗಾಯಕರೂ ಅಪರಿಚಿತರಿರಬೇಕು. ನುಡಿಸಿದ್ದಕ್ಕೆ ಅರ್ಧ ಅಂಕ, ನುಡಿಸದೆ ಬಿಟ್ಟದ್ದಕ್ಕೆ ಇನ್ನರ್ಧ. ತೀರ್ಪು ಕೊಡಬೇಕಾದವರು ಹಾಡಿದವರೇ, ಯಾಕೆಂದರೆ ಸಾಥ್ ಚೆನ್ನಾಗಿತ್ತೋ ಇಲ್ಲವೋ ತಿಳಿಯುವುದು ಅವರೊಬ್ಬರಿಗೇ. ಆದರೆ ಸಾಥ್ ನಿಜಕ್ಕೂ ಚೆನ್ನಾಗಿದ್ದರೆ ಅವರ ಗಮನ ಪೇಟಿಯ ಕಡೆ ಹೋಗಿರುವುದೇ ಇಲ್ಲ. ಮೊದಲ ಸುತ್ತಿಗೇ ಅಂಕಪಟ್ಟಿ ಖಾಲಿ ಬರುತ್ತದೆ, ಮತ್ತು ಅದನ್ನು ನೋಡಿ ಗೆದ್ದವರು ಯಾರೆಂದು ನಾವೇ ತಿಳಿದುಕೊಳ್ಳಬೇಕು.